ಓಡ್ತಾ ಓಡ್ತಾ ಸರಿಹೋಗುತ್ತೆ

ಈ ಸದ್ದು ಬಾನೆಟ್ಟಿನ ಒಳಗಿನದೋ, ತನ್ನ ತಲೆಯ ಒಳಗಿನದೋ? ನಿನ್ನೆ ಇರಲಿಲ್ಲ. ಅಥವಾ ನಿನ್ನೆಯೂ ಇತ್ತು, ತನ್ನ ಗಮನಕ್ಕೆ ಬರಲಿಲ್ಲ. ಸಣ್ಣಗೆ, ಒಂದೇ ಎಳೆಯಲ್ಲಿ, ದೂರದಲ್ಲಿ ಯಾರೋ ಕಬ್ಬಿಣ ಅರೆಯುತ್ತಿರುವ ಹಾಗೆ. ಫ್ಯಾನ್ ಬೆಲ್ಟ್ ಜಾರಿದರೆ ಹೀಗೇ ಕೂಗುತ್ತದೆ. ನೀರಿನ ಪಂಪಿನ ಬೇರಿಂಗ್ ಸವೆದರೂ ಹೀಗೇ. ಅದೇ ಆಗಿದ್ದರೆ ಗಾಡಿ ದಾರಿಯಲ್ಲಿ ಕೈಕೊಡುತ್ತದೆ. ಪಕ್ಕದ ಸೀಟಿನಲ್ಲಿ ಹೆಂಡತಿಯನ್ನು ಒರಗಿಸಿಕೊಂಡು ನಡುದಾರಿಯಲ್ಲಿ ನಿಲ್ಲುವುದೆಂದರೇನು? ತಗಡಣ್ಣ ಕಿಟಕಿಯಿಂದ ಕೈ ತೂರಿಸಿ ಕೀಲಿ ತಿರುಗಿಸುತ್ತಾರೆ. ಎಂಜಿನ್ ಆರುತ್ತದೆ. ಅಂಗೈ ಕೆಳಗಿನ ನಡುಕ ನಿಲ್ಲುತ್ತದೆ. ಸದ್ದು ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ತಲೆಯೊಳಗಿನದೇ. ಆದರೂ ಮನಸ್ಸು ಒಪ್ಪುವುದಿಲ್ಲ. ಎರಡೂ ಕಡೆ ಇರಬಾರದೆಂದೇನು? ಮತ್ತೆ ಎಂಜಿನ್ ಎಬ್ಬಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೇಲಿಟ್ಟು, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಾರೆ. ಕಿವಿಗೆ ಬಾರದ್ದು ದವಡೆಗೆ ಬರುತ್ತದೆ. ಬೇರಿಂಗ್ ನುಣ್ಣಗೆ ತಿರುಗುತ್ತಿದೆ. ಅವರು ಹಿಡಿಯನ್ನು ಅಂಗಿಗೆ ಒರೆಸಿಕೊಂಡು ಬಾನೆಟ್ ಮುಚ್ಚುತ್ತಾರೆ. ಬೆಳಗಿನ ಐದೂ ಹತ್ತು.

ಎದುರುಮನೆಯ ದರ್ಜಿ ಹಲ್ಲುಜ್ಜುತ್ತಾ ಬಾಗಿಲಿಗೆ ಬಂದು ನಿಲ್ಲುತ್ತಾನೆ. "ಏನ್ ತಗಡಣ್ಣ, ನಿನ್ನ ಗಾಡಿ ಕೆಮ್ಮಿದ ಮೇಲೇನೇ ನಮ್ಮನೇಲಿ ಎಲ್ಲರೂ ಹಾಸಿಗೆ ಬಿಡೋದು. ಅದಕ್ಕೊಂದು ಮಾತ್ರೆ ನುಂಗಿಸಬಾರದಾ? ಇನ್ನರ್ಧ ಗಂಟೆ ಮಲಗ್ತೀವಿ!"

ತಗಡಣ್ಣ ನಗುತ್ತಾರೆ. ದರ್ಜಿ ನಕ್ಕ ಮೇಲೆ, ಒಂದು ಉಸಿರಿನಷ್ಟು ತಡವಾಗಿ. ಅವರು ಎಲ್ಲರ ಜೊತೆಯೂ ಹೀಗೇ ತಡವಾಗಿ ನಗುತ್ತಾರೆ. ಗಂಭೀರ ಮನುಷ್ಯ, ಮಾತು ಕಮ್ಮಿ ಎಂದು ಓಣಿಯವರು ತಿಳಿದಿದ್ದಾರೆ.

ತಗಡಣ್ಣ ಎನ್ನುವುದು ಕೆಲಸ ಕೊಟ್ಟ ಹೆಸರು. ಗುದ್ದು ತಿಂದ ವಾಹನಗಳ ಮೈ ತಟ್ಟಿ ನೇರ ಮಾಡುವ ಟಿಂಕರ್ ಅವರು, ಮೂವತ್ತೊಂದು ವರ್ಷದಿಂದ. ನೆಗ್ಗಿದ ಬಾಗಿಲಿನ ಹಿಂದೆ ಎಡಗೈಯಲ್ಲಿ ಕಬ್ಬಿಣದ ಗಟ್ಟಿ ಹಿಡಿದು, ಮುಂದಿನಿಂದ ಬಲಗೈಯ ಸುತ್ತಿಗೆಯಲ್ಲಿ ತಟ್ಟಬೇಕು. ಜೋರಾಗಿ ಹೊಡೆದರೆ ತಗಡು ಉಬ್ಬುತ್ತದೆ, ಮೆಲ್ಲಗೆ ಹೊಡೆದರೆ ಏಳುವುದೇ ಇಲ್ಲ. ಒಂದು ಬಾಗಿಲಿಗೆ ಎರಡು ಸಾವಿರ ಏಟು, ದಿನಕ್ಕೆ ನಾಲ್ಕು ಬಾಗಿಲು. ಪ್ರತಿ ಏಟಿಗೂ ಎಡಗಿವಿ ತಗಡಿನಿಂದ ಗೇಣು ದೂರ. "ಹತ್ತಿ ಇಟ್ಕೊಳ್ಳಿ ಅಂತಿದ್ರು. ಹತ್ತಿ ಇಟ್ಕೊಂಡ್ರೆ ತಗಡು ಏನು ಹೇಳುತ್ತೆ ಅಂತ ಗೊತ್ತಾಗಲ್ಲ. ನೆಗ್ಗು ಎದ್ದ ಕೂಡ್ಲೇ ಸದ್ದು ಬದಲಾಗುತ್ತೆ, ನೋಡಿ. ಅದನ್ನ ಕೇಳಿಸ್ಕೊಂಡೇ ನಿಲ್ಲಿಸಬೇಕು," ಎನ್ನುತ್ತಾರೆ.

ಹೀಗೆ ಕೇಳಿಸಿಕೊಳ್ಳುತ್ತಲೇ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯಲ್ಲಿ ದೊಡ್ಡ ಸದ್ದಿನ ಅಂಚು ಮಾತ್ರ ಉಳಿದಿದೆ. ನಾಲ್ಕು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಜಾಕಿನ ಮೇಲಿದ್ದ ವ್ಯಾನೊಂದು ಜಾರತೊಡಗಿತು. ಎಲ್ಲರೂ ಕಿರುಚಿಕೊಂಡರು, ಅದರ ಪಕ್ಕದಲ್ಲೇ ಕೂತಿದ್ದ ಇವರು ತಿರುಗಿಯೂ ನೋಡಲಿಲ್ಲ. ವ್ಯಾನು ಮೊಣಕೈ ಸವರಿಕೊಂಡು ನೆಲಕ್ಕೆ ಕೂತಿತು. ಮಾರನೆಯ ದಿನ ಮಾಲೀಕ ಅವರನ್ನು ಎದುರಿಗೆ ಕೂರಿಸಿಕೊಂಡು, "ಇನ್ನು ಮನೇಲೇ ಮಾಡ್ಕೋ ಮಾರಾಯ, ಕೆಲಸ ನಾನೇ ಕಳಿಸ್ತೀನಿ," ಎಂದ. ಬೆನ್ನುನೋವಿಗೆ ಬಿಟ್ಟು ಬಂದೆ ಎಂದು ಅವರು ಮನೆಯಲ್ಲಿ ಹೆಂಡತಿಗೆ ಹೇಳಿದರು. ಆಕೆ ಎಣ್ಣೆ ಕಾಯಿಸಿ ಬೆನ್ನಿಗೆ ತಿಕ್ಕಿದರು. ನೋಯದ ಬೆನ್ನನ್ನು ಅವರು ಹದಿನೈದು ದಿನ ತಿಕ್ಕಿಸಿಕೊಂಡರು.

ಕಿವಿಯ ಬಗ್ಗೆ ಆಕೆಗೂ ಅನುಮಾನ ಬರದೇ ಇರಲು ಕಾರಣವಿದೆ. ಆಕೆ ದುಡಿದದ್ದು ನೂಲಿನ ಗಿರಣಿಯಲ್ಲಿ, ಹತ್ತೊಂಬತ್ತು ವರ್ಷ. ಯಂತ್ರಗಳ ಮಧ್ಯೆ ಯಾರ ಮಾತೂ ಯಾರಿಗೂ ಕೇಳಿಸದ ಜಾಗ ಅದು. ಅಲ್ಲಿಯ ಹೆಂಗಸರು ತುಟಿಯನ್ನು ಅಗಲವಾಗಿ ಆಡಿಸಿ, ಕೈ ತಿರುವಿ ಮಾತಾಡುತ್ತಾರೆ. ಅದೇ ಅಭ್ಯಾಸ ಮನೆಗೂ ಬಂತು. ಎದುರಿಗೆ ನಿಂತು ಆಕೆ ಮಾತಾಡಿದರೆ ಗೋಡೆಗೂ ಅರ್ಥವಾಗಬೇಕು. ಬೆನ್ನು ತಿರುಗಿಸಿದರೆ ಆಕೆಯ ದನಿ ಮೂರನೆಯ ಮನೆಗೆ ಮುಟ್ಟುತ್ತಿತ್ತು. ಗಂಡ ಹೆಂಡತಿ ದಿನವೂ ಜಗಳವಾಡುತ್ತಾರೆ ಎಂದುಕೊಂಡು ಹೊಸದಾಗಿ ಬಂದ ಬಾಡಿಗೆಯವರೊಬ್ಬರು ಬಿಡಿಸಲು ಬಂದದ್ದೂ ಉಂಟು. "ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳ್ತಿದ್ದೆ ಕಣಮ್ಮಾ," ಎಂದು ಆಕೆ ಅದನ್ನೂ ಕೂಗಿಯೇ ಹೇಳಿದ್ದರು.

ಕಾರು ಬಂದದ್ದು ಆಕೆಗಾಗಿ. ಗಿರಣಿಯ ಮೊದಲ ಪಾಳಿ ಆರು ಗಂಟೆಗೆ, ಆ ಕಡೆಯ ಮೊದಲ ಬಸ್ಸು ಆರೂವರೆಗೆ. ಗ್ಯಾರೇಜಿನ ಹಿತ್ತಲಿನಲ್ಲಿ ಬಿದ್ದಿದ್ದ, ಮೂವತ್ತು ವರ್ಷ ದಾಟಿದ ಕಾರನ್ನು ತಗಡಣ್ಣ ಲಾರಿಯೊಂದರ ಹಿಂದೆ ಕಟ್ಟಿ ಎಳೆದು ತಂದರು. ತಳದ ತಗಡನ್ನು ತೂರಿಕೊಂಡು ಒಂದು ಗಿಡ ಸ್ಟಿಯರಿಂಗಿನವರೆಗೆ ಬೆಳೆದಿತ್ತು. ಮುಂದಿನ ದೀಪಗಳ ಜಾಗದಲ್ಲಿ ಎರಡು ತೂತು.

"ಸವತಿ ತಂದಿದ್ದಾರೆ," ಎಂದು ಆಕೆ ಓಣಿಗೆಲ್ಲ ಸಾರಿದರು. "ಅದೂ ಎರಡೂ ಕಣ್ಣಿಲ್ಲದವಳನ್ನ. ನನ್ನ ನೋಡಿ ನೋಡಿ ಸಾಕಾಗಿ, ನೋಡಕ್ಕೇ ಬಾರದವಳು ಬೇಕಾಯ್ತು ಇವರಿಗೆ!"

ಎರಡು ವರ್ಷದ ಭಾನುವಾರಗಳು ಅದಕ್ಕೆ ಹೋದವು. ತಳಕ್ಕೆ ಹೊಸ ತಗಡು ಕೂರಿಸಿ ಬೆಸುಗೆ ಹಾಕಿದರು. ಬಾಗಿಲುಗಳು ಮಂಚದ ಕೆಳಗೆ ಸೇರಿದವು, ಕಾರ್ಬ್ಯುರೇಟರ್ ಅಡುಗೆಮನೆಯ ಕಟ್ಟೆಯಲ್ಲಿ ಸೀಮೆಎಣ್ಣೆ ಕುಡಿಯುತ್ತಾ ಕೂತಿತು. ಹಿಂದಿನ ಸೀಟು ನಡುಮನೆಗೆ ಬಂದು ನೆಂಟರಿಗೆ ಕೂರುವ ಜಾಗವಾಯಿತು. ಎಂಜಿನ್ ಮೊದಲ ಸಲ ಎದ್ದ ದಿನ ಆಕೆ ಅದೇ ಸೀಟಿನ ಮೇಲೆ ಕೂತು ಅತ್ತರು. ಆಮೇಲೆ ಆರು ವರ್ಷ, ವಾರಕ್ಕೆ ಆರು ದಿನ, ಹೋಗಲು ಹನ್ನೊಂದು ಕಿಲೋಮೀಟರು, ಬರಲು ಹನ್ನೊಂದು.

ಆ ಆರು ವರ್ಷ ಕಾರಿನ ಕಿವಿ ಆಕೆಯದೇ. "ಹಿಂದೆ ಎಲ್ಲೋ ಟಕ್ ಟಕ್ ಅಂತಿದೆ ರೀ," ಎಂದು ಕೂಗುತ್ತಿದ್ದರು. "ಎಡಗಡೆ ಚಕ್ರ ಗುಂಯ್ ಅಂತಿದೆ ರೀ." ತಮಗೂ ಕೇಳಿಸಿತೆಂಬಂತೆ ಇವರು ತಲೆಯಾಡಿಸಿ ಒಂದೇ ಉತ್ತರ ಕೊಡುತ್ತಿದ್ದರು: "ಓಡ್ತಾ ಓಡ್ತಾ ಸರಿಹೋಗುತ್ತೆ ಬಿಡು." ಇದು ಈ ಕಸುಬಿನ ಎಲ್ಲರ ಬಾಯಲ್ಲೂ ಇರುವ ಮಾತು. ಹೊಸ ಬೇರಿಂಗ್ ಇರಲಿ, ಹೊಸ ಬ್ರೇಕ್ ಪಟ್ಟಿ ಇರಲಿ, ಮೊದಲು ಬಿಗಿಯಾಗಿದ್ದು ಸದ್ದು ಮಾಡುತ್ತದೆ. ನೂರಿನ್ನೂರು ಕಿಲೋಮೀಟರು ಓಡಿದ ಮೇಲೆ ತನ್ನ ಜಾಗದಲ್ಲಿ ತಾನು ಕೂರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಈ ಮಾತು ಸುಳ್ಳಾಗುವುದಿಲ್ಲ.

ಹೋದ ವರ್ಷ ಆಕೆ ಆಸ್ಪತ್ರೆ ಸೇರಿದಾಗ ಎಡ ಎದೆಯ ಗಂಟು ಕಂಕುಳಿಗೆ ಹಬ್ಬಿಯಾಗಿತ್ತು. ಎಂಟು ತಿಂಗಳ ಹಿಂದೆಯೇ ಕೈಗೆ ಸಿಕ್ಕಿರಬೇಕಲ್ಲಮ್ಮ, ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದರು. ತನಗೆ ಗೊತ್ತೇ ಆಗಲಿಲ್ಲ ಎಂದರು ಆಕೆ. ಹೊರಗೆ ಬಂದು, ನಿಂತ ಕಾರಿನೊಳಗೆ ಕೂತ ಮೇಲೆ, ಗಂಡನ ಕಡೆ ಪೂರ್ತಿ ತಿರುಗಿ ಹೇಳಿದರು. ಪ್ರತಿ ಅಕ್ಷರವೂ ತುಟಿಯ ಮೇಲೆ ಕಂಡಿತು.

"ನೀವು ಹಂಗಂದಿದ್ದು ಡಾಕ್ಟ್ರಿಗೆ ಹೇಳ್ಲಿಲ್ಲ ಬಿಡಿ. ನಿಮ್ಮನ್ನ ಬೈತಿದ್ರು."

"ನಾನೇನಂದೆ?"

"ಮರ್ತೇಬಿಟ್ರಾ? ಇಲ್ಲೇ ಕೂತ್ಕೊಂಡು ಹೇಳಿದ್ನಲ್ಲ, ಎಡಗಡೆ ಗಂಟು ಥರ ಕೈಗೆ ಸಿಗ್ತಿದೆ ಅಂತ. ಓಡ್ತಾ ಓಡ್ತಾ ಸರಿಹೋಗುತ್ತೆ ಅಂದ್ರಿ. ನಿಮ್ಮ ಭಾಷೇಲಿ ಧೈರ್ಯ ಹೇಳ್ತಿದ್ದೀರಿ ಅನ್ಕೊಂಡೆ."

ಆ ಬೆಳಿಗ್ಗೆ ಅವರಿಗೆ ನೆನಪಿದೆ. ಹಿಂದಿನ ದಿನವಷ್ಟೇ ಎಡ ಮುಂಚಕ್ರಕ್ಕೆ ಹೊಸ ಬೇರಿಂಗ್ ಹಾಕಿದ್ದರು. ಕಣ್ಣು ರಸ್ತೆಯ ಮೇಲಿತ್ತು. ಓರೆಗಣ್ಣಿಗೆ ಆಕೆಯ ತುಟಿ ಆಡಿದ್ದು ಕಂಡಿತು, ಅದರಲ್ಲಿ "ಎಡಗಡೆ" ಎಂಬ ಒಂದು ಪದ ಸಿಕ್ಕಿತು. ಚಕ್ರದ ಮಾತೇ ಇರಬೇಕು ಎಂದುಕೊಂಡು ಉತ್ತರ ಕೊಟ್ಟರು. ಜೀವಮಾನವೆಲ್ಲ ಕೂಗಿಯೇ ಮಾತಾಡಿದ ಹೆಂಗಸು ಆವತ್ತೊಂದು ದಿನ, ಆ ಒಂದು ಮಾತನ್ನು, ನಾಚಿಕೊಂಡು ಮೆಲ್ಲಗೆ ಹೇಳಿದ್ದರು. ಗಂಡನ ಉತ್ತರ ಕೇಳಿದ ಮೇಲೆ ಎಂಟು ತಿಂಗಳು ಸುಮ್ಮನಿದ್ದರು.

ನಿಂತ ಕಾರಿನಲ್ಲಿ ಆವತ್ತು ತಗಡಣ್ಣ ಕೀಲಿ ತಿರುಗಿಸಿದರು. ಎಂಜಿನ್ ಎದ್ದಿತು.

ಅಂದಿನಿಂದ ಅವರು ಆ ಕಾರನ್ನು ಎರಡನೆಯ ಸಲ ಕಟ್ಟಿದ್ದಾರೆ. ಕುಲುಕಾಟ ತಗ್ಗಲೆಂದು ಹಿಂಚಕ್ರಗಳ ಸ್ಪ್ರಿಂಗಿನ ಕಮಾನುಪಟ್ಟಿಗಳಲ್ಲಿ ಒಂದೊಂದನ್ನು ತೆಗೆದಿದ್ದಾರೆ. ಎಡಗಡೆಯ ಸೀಟನ್ನು ಕಿತ್ತು, ಒಡೆದ ವ್ಯಾನೊಂದರಿಂದ ಪೂರ್ತಿ ಹಿಂದಕ್ಕೆ ಒರಗುವ ಸೀಟು ತಂದು ಕೂರಿಸಿದ್ದಾರೆ. ಬೆಲ್ಟು ಎಡ ಭುಜದಿಂದ ಇಳಿದರೆ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಒತ್ತುತ್ತದೆ ಎಂದು, ಅದರ ಕೊಂಡಿಯನ್ನು ನಡುವಿನ ಕಂಬಿಗೆ ಬೆಸೆದು ಬಲ ಭುಜದಿಂದ ಬರುವಂತೆ ಮಾಡಿದ್ದಾರೆ. ಸ್ಟಿಯರಿಂಗಿನ ಪಕ್ಕ ಅಂಗೈಯಗಲದ ಒಂದು ಕನ್ನಡಿ ಇದೆ. ಅದು ರಸ್ತೆ ತೋರಿಸುವುದಿಲ್ಲ, ಆಕೆಯ ಮುಖ ತೋರಿಸುತ್ತದೆ.

"ಇದ್ಯಾಕ್ರೀ?" ಎಂದು ಆಕೆ ಕೇಳಿದ್ದರು.

"ನಿನ್ನ ನೋಡ್ಕೊಂಡು ಓಡಿಸೋಣ ಅಂತ."

"ಮದುವೆ ದಿನ ಸರಿಯಾಗಿ ನೋಡ್ಲಿಲ್ಲ, ಕೂದಲೆಲ್ಲ ಉದುರಿದ ಮೇಲೆ ನೋಡ್ತಾರಂತೆ!" ಆಕೆ ನಕ್ಕದ್ದು ಕನ್ನಡಿಯಲ್ಲಿ ಕಂಡಿತು. ಆ ಸಲ ಅವರ ನಗು ತಡವಾಗಲಿಲ್ಲ.

ಆಸ್ಪತ್ರೆಗೆ ಇಪ್ಪತ್ತೆರಡು ಕಿಲೋಮೀಟರು. ಎದೆಗೆ ಕಿರಣ ಹಾಯಿಸಲು ಮೂವತ್ಮೂರು ದಿನ, ಆಮೇಲೆ ಬೆನ್ನುಮೂಳೆಗೆ ಹತ್ತು ದಿನ. ನಲವತ್ಮೂರು ದಿನವೂ ಕಾರು ಒಮ್ಮೆಯೂ ಕೈಕೊಡಲಿಲ್ಲ. ಇನ್ನು ಕರೆತರುವುದು ಬೇಡ, ನೋವಿನ ಮಾತ್ರೆ ಮನೆಯಲ್ಲೇ ಕೊಡಿ ಎಂದು ಡಾಕ್ಟರು ಹೇಳಿ ಒಂಬತ್ತು ದಿನವಾಯಿತು. ಅದಾದ ಮರುದಿನ ಬೆಳಿಗ್ಗೆ ಐದಕ್ಕೆ ಅಭ್ಯಾಸಬಲದಿಂದ ಇಬ್ಬರಿಗೂ ಎಚ್ಚರವಾಯಿತು.

"ನಿಮ್ಮ ಸವತಿಗೆ ಇವತ್ತಿಂದ ರಜಾನಾ?" ಎಂದು ಆಕೆ ಕೇಳಿದರು.

"ನನ್ನ ಸವತಿಯಲ್ಲ, ನಿನ್ನ ಸವತಿ."

"ಯಾರದ್ದೋ ಒಂದು. ಪಾಳಿ ಹೊತ್ತಿಗೆ ಗಿರಣಿ ಗೇಟಿನ ತನಕ ಕರ್ಕೊಂಡು ಹೋಗ್ರೀ. ಇಳಿಯಲ್ಲ. ನೋಡ್ಕೊಂಡು ಬರೋಣ."

ಅಂದಿನಿಂದ ದಿನವೂ ಹೋಗುತ್ತಿದ್ದಾರೆ. ಇವತ್ತೂ ತಗಡಣ್ಣ ಆಕೆಯನ್ನು ಎತ್ತಿಕೊಂಡು ಬಂದು ಸೀಟಿನಲ್ಲಿ ಒರಗಿಸುತ್ತಾರೆ. ಹೊದಿಕೆ ಎಳೆಯುತ್ತಾರೆ, ಬೆಲ್ಟು ಹಾಕುತ್ತಾರೆ, ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಮೊದಲೆಲ್ಲ ಪತ್ರಿಕೆಯನ್ನು ದಾರಿಯುದ್ದಕ್ಕೂ ಕೂಗಿ ಓದುತ್ತಿದ್ದವರು ಆಕೆ. ಈಗ ಅಕ್ಷರ ಕಣ್ಣಿಗೆ ಹಿಡಿಯದೆ ಎರಡು ತಿಂಗಳು. ದನಿಯೂ ಇಳಿದಿದೆ ಎಂದು ದರ್ಜಿಯ ಹೆಂಡತಿ ಹೇಳುತ್ತಾಳೆ. ಗೋಡೆಯಾಚೆಗೆ ಈಗ ಏನೂ ಕೇಳಿಸುವುದಿಲ್ಲವಂತೆ. ದನಿ ಇಳಿದದ್ದು ತಗಡಣ್ಣನವರಿಗೆ ತಿಳಿದದ್ದೇ ಅವಳ ಬಾಯಿಂದ.

ಏನಾದರೂ ಆಸೆಯಿದೆಯೇ ಎಂದು ಯಾರಾದರೂ ಕೇಳಿದರೆ ತಗಡಣ್ಣ ಕೈಯಲ್ಲಿನ ಮಸಿ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ರಸ್ತೇಲಿ ಅವಳಿಗೆ ಕುಲುಕಬಾರದು. ಅಷ್ಟೇ. ಇನ್ನೊಂದು ಪಟ್ಟಿ ತೆಗೀಬೋದು, ಆದ್ರೆ ತಳ ನೆಲಕ್ಕೆ ತಾಗುತ್ತೆ."

ಆರಕ್ಕೆ ಐದು ನಿಮಿಷವಿದ್ದಾಗ ಕಾರು ಗಿರಣಿಯ ಗೇಟಿನ ಎದುರು ನಿಲ್ಲುತ್ತದೆ. ಹೆಂಗಸರು ಒಬ್ಬರ ಹಿಂದೊಬ್ಬರು ಒಳಗೆ ಹೋಗುತ್ತಿದ್ದಾರೆ. ಹಳೆಯ ಗೆಳತಿಯೊಬ್ಬಳು ದೂರದಿಂದಲೇ ಕೈ ತಿರುವಿ, ಬಾಯಗಲಿಸಿ, ಚಹಾ ಕುಡಿದೆಯಾ ಎಂದು ಕೇಳುತ್ತಾಳೆ. ಆಕೆ ಹೊದಿಕೆಯೊಳಗಿನಿಂದ ಎರಡು ಬೆರಳು ಎತ್ತಿ, ಆಯಿತು ಎನ್ನುತ್ತಾರೆ. ಗೇಟು ಮುಚ್ಚುತ್ತದೆ. ಸೈರನ್ ಕೂಗಿದ್ದು ತಗಡಣ್ಣನವರ ಬಲಗಿವಿಗೆ ಒಂದು ನೊಣದಷ್ಟು ಬರುತ್ತದೆ.

ಆಕೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಏನೋ ಹೇಳುತ್ತಾರೆ. ಮಾತು ಸ್ವಲ್ಪ ಉದ್ದವೇ ಇರಬೇಕು; ಭುಜ ಎರಡು ಸಲ ಏರಿ ಇಳಿಯಿತು. ಕನ್ನಡಿಯಲ್ಲಿ ಕಾಣುವುದು ತಲೆಗೆ ಕಟ್ಟಿದ ಬಟ್ಟೆಯ ಗಂಟು ಮಾತ್ರ.

"ಹೂಂ," ಎನ್ನುತ್ತಾರೆ ತಗಡಣ್ಣ.

ಆಕೆ ಕಣ್ಣು ಮುಚ್ಚಿ ಒರಗುತ್ತಾರೆ. ಅವರು ಗೇರ್ ಹಾಕಿ, ರಸ್ತೆಯ ಗುಂಡಿಗಳನ್ನು ಒಂದೊಂದಾಗಿ ತಪ್ಪಿಸುತ್ತಾ ಮನೆಯ ಕಡೆ ಓಡಿಸುತ್ತಾರೆ.

ಗಂಟಿನ ಮಾತು ಆ ದಿನ ತನಗೆ ಕೇಳಿಸಿರಲಿಲ್ಲ ಎಂಬುದನ್ನು ಅವರು ಆಕೆಗೆ ಹೇಳಿಲ್ಲ.