ನಂಬರ್ ಕೂಗಿದ ಮಧ್ಯಾಹ್ನ

ಶಕುನ, ಅಶರೀರವಾಣಿ ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹೇಳಿದರೆ ಹೂಂಗುಡುತ್ತಾ ಅಕ್ಕಿ ಆರಿಸುತ್ತಿದ್ದೆ, ಅಷ್ಟೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಐದಾರು ವರ್ಷದ ಹಿಂದೆ ಹಿರಿಯೂರಿನ ನಮ್ಮ ಮನೆಯಲ್ಲಿ, ಹಾಡಹಗಲೇ ನಡೆದದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮನೆಯ ಹಿತ್ತಿಲಲ್ಲೇ ನಮ್ಮ ಯಜಮಾನರ ಮರಗೆಲಸದ ಶೆಡ್ಡು. ಅಲ್ಲಿಗೆ ರುದ್ರಪ್ಪ ಎಂಬುವನು ಕೆಲಸಕ್ಕೆ ಬಂದ. ಧರ್ಮಪುರದ ಕಡೆಯವನು. ಹರೆಯದಲ್ಲಿ ಹೊಲದ ಬದುವಿನ ಜಗಳದಲ್ಲಿ ಅವನ ಕೈಯಿಂದ ಒಂದು ಜೀವ ಹೋಗಿತ್ತು. ಹದಿನಾಲ್ಕು ವರ್ಷ ಜೈಲಿನಲ್ಲಿದ್ದು, ಅಲ್ಲೇ ಬಡಗಿ ಕೆಲಸ ಕಲಿತು, ಸನ್ನಡತೆಯ ಮೇಲೆ ಬಿಡುಗಡೆಯಾಗಿದ್ದ. ಅವನು ಕೂಡಿಸಿದ ಮರದ ಸಂದಿನಲ್ಲಿ ಕಾಗದದ ಚೂರೂ ತೂರುತ್ತಿರಲಿಲ್ಲ. ಸಂಜೆ ಉಳಿ, ಗರಗಸಗಳನ್ನು ಒರೆಸಿ, ಎಣಿಸಿ, ಯಜಮಾನರ ಕೈಗೆ ಕೊಟ್ಟೇ ಹೊರಡುವನು. ಅದು ಜೈಲಿನ ರೂಢಿ.

ಅಲ್ಲಿಯದೇ ಇನ್ನೊಂದು ರೂಢಿಯೂ ಅವನನ್ನು ಬಿಟ್ಟಿರಲಿಲ್ಲ. ಮುಚ್ಚಿದ ಬಾಗಿಲನ್ನು ತಾನಾಗಿ ತೆರೆಯುತ್ತಿರಲಿಲ್ಲ. ಅಷ್ಟು ವರ್ಷ ಪ್ರತಿ ಬಾಗಿಲನ್ನೂ ಬೇರೆಯವರೇ ತೆಗೆದು, ಬೇರೆಯವರೇ ಹಾಕಿದ್ದರು. ಬೆಳಿಗ್ಗೆ ಬುತ್ತಿ ಹಿಡಿದು ಗೇಟಿನ ಮುಂದೆ ಸುಮ್ಮನೆ ನಿಂತಿರುವನು. ನಾನು ಹಾಲಿಗೆ ಹೊರಟಾಗ ತೆಗೆದರೆ ಒಳಗೆ ಬರುವನು.

ನಮ್ಮ ಅತ್ತೆಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. "ಲೇ ರುದ್ರ, ದಿನಾ ಬಾಗ್ಲು ಮಾಡ್ತೀಯ. ತಳ್ಳಿದ್ರೆ ಅದೇನು ಕಚ್ಚತೈತೇನೋ?" ಎಂದು ಕಿಟಕಿಯಿಂದಲೇ ಕೇಳುವರು.

"ಕಚ್ಚಲ್ಲ ಕಣಮ್ಮ, ಕೈಯೇ ಏಳಲ್ಲ" ಎನ್ನುವನು.

ನನ್ನ ಹತ್ತಿರ ಅವರ ಮಾತೇ ಬೇರೆ. "ಕೊಲೆ ಮಾಡಿದೋನ್ನ ಹಿತ್ಲಾಗೆ ಇಟ್ಕಂಡು ನಿಮಗೆ ನಿದ್ದೆ ಹೆಂಗೆ ಬರತೈತೆ? ಈ ತಿಂಗಳು ಮುಗೀಲಿ, ಕಳಿಸಿಬಿಡ್ರಿ." ಯಜಮಾನರೂ ತಾಯಿಯ ಮಾತಿಗೆ ಒಪ್ಪುವ ಹಾಗೆ ಕಾಣುತ್ತಿದ್ದರು. ರುದ್ರಪ್ಪನನ್ನು ಊರಿನವರು ಸೇರಿಸಿರಲಿಲ್ಲ, ಎರಡು ಅಂಗಡಿಯವರು ಬಿಡಿಸಿ ಕಳಿಸಿದ್ದರು. ಇಲ್ಲಿಂದಲೂ ಹೊರಟರೆ ಅವನಿಗೆ ಹೋಗಿ ನಿಲ್ಲಲು ಇನ್ನೊಂದು ಬಾಗಿಲಿರಲಿಲ್ಲ.

ಆ ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದೆ. ಶೆಡ್ಡಿನಲ್ಲಿ ಯಜಮಾನರೂ ರುದ್ರಪ್ಪನೂ ಇದ್ದರು; ಮರ ಕೊಯ್ಯುವ ಮಿಷನ್ನು ಕಿವಿ ಗಡಚಿಕ್ಕುವಂತೆ ಓಡುತ್ತಿತ್ತು. ಇದ್ದಕ್ಕಿದ್ದಂತೆ ರುದ್ರಪ್ಪ ಅದನ್ನು ನಿಲ್ಲಿಸಿದ. ಉಳಿ ಹಿಡಿದು ಹಿತ್ತಿಲು ದಾಟಿ, ಅಡುಗೆಮನೆಯ ಮುಚ್ಚಿದ ಬಾಗಿಲನ್ನು ತಳ್ಳಿ ಒಳಗೆ ಹೋದ. ಅವನು ಬಾಗಿಲು ತಳ್ಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ಕೈಯಲ್ಲಿದ್ದ ಉಳಿ ನೋಡಿ ನಾನು ಕೆಟ್ಟದ್ದನ್ನೇ ಎಣಿಸಿದೆ. ಮನೆಯೊಳಗೆ ಅತ್ತೆ ಒಬ್ಬರೇ ಇದ್ದರು.

ನಾನು ಇಳಿದು ಓಡಿ ಬರುವಷ್ಟರಲ್ಲಿ ಅವನು ಬಚ್ಚಲಮನೆಯ ಬಾಗಿಲ ಸಂದಿಗೆ ಉಳಿ ತೂರಿಸಿ ಒಳಗಿನ ಚಿಲಕ ಕಿತ್ತಿದ್ದ. ಅತ್ತೆ ಪ್ರಜ್ಞೆ ತಪ್ಪಿ ನೆಲದ ಮೇಲೆ ಬಿದ್ದಿದ್ದರು. ಉಳಿ ಹಿಡಿದು ಮುದುಕಿಯೊಬ್ಬರ ಬಚ್ಚಲ ಬಾಗಿಲು ಮುರಿದರೆ ಜನ ಏನೆನ್ನುತ್ತಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಹಿಂದೆಮುಂದೆ ನೋಡಲಿಲ್ಲ. "ಅಕ್ಕಾ, ಆಟೋ ಕರೀರಿ" ಎಂದು ಅತ್ತೆಯನ್ನು ಮಗುವಿನಂತೆ ಎತ್ತಿಕೊಂಡ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ, ಬೇಗ ತಂದದ್ದು ಒಳ್ಳೆಯದಾಯಿತು ಎಂದರು ಆಸ್ಪತ್ರೆಯಲ್ಲಿ.

ನಿನಗೆ ಹೇಗೆ ತಿಳಿಯಿತು ಎಂದು ಅಲ್ಲಿಯೇ ಕೇಳಿದೆ. ಅವನು ತಲೆ ತಗ್ಗಿಸಿದ. "ನನ್ನ ನಂಬರ್ ಕೂಗಿದ್ರು ಅಕ್ಕ. ಬಚ್ಚಲ ಕಡೆಯಿಂದ, ಹೆಣ್ಣು ದನಿ. ಜೈಲಿನಾಗೆ ನಂಬರ್ ಕೂಗಿದ್ರು ಅಂದ್ರೆ ಬಾಗ್ಲು ತೆಗ್ದೈತೆ ಅಂತ. ಎದ್ದು ಬಂದುಬಿಟ್ಟೆ."

ಆ ಕೈದಿ ನಂಬರನ್ನು ಅವನು ನಮಗ್ಯಾರಿಗೂ ಹೇಳಿರಲಿಲ್ಲ. ಶೆಡ್ಡಿನಲ್ಲಿ ಅವನ ಪಕ್ಕದಲ್ಲೇ ನಿಂತಿದ್ದ ಯಜಮಾನರಿಗೆ ಮಿಷನ್ನಿನ ಸದ್ದಲ್ಲದೆ ಬೇರೇನೂ ಕೇಳಿಸಿರಲಿಲ್ಲ. ಎಚ್ಚರಾದ ಮೇಲೆ ಅತ್ತೆಯನ್ನು ಕೇಳಿದರೆ, "ನಾನ್ಯಾರನ್ನೂ ಕರೀಲಿಲ್ಲ ಕಣೇ. ಕಣ್ಣು ಕತ್ಲೆ ಬಂತು, ಅಷ್ಟೇ. ಕರಿಯಾಕೆ ಬಾಯೆಲ್ಲಿತ್ತು?" ಎಂದರು.

ಮನೆಗೆ ಬಂದ ಮರುದಿನ ಅತ್ತೆ ಅವನಿಗೆ ಹೇಳಿಕಳಿಸಿದರು. ಅವನು ಎಂದಿನಂತೆ ಮುಚ್ಚಿದ ಬಾಗಿಲ ಹೊರಗೆ ನಿಂತ. ನಾನು ತೆಗೆಯಲು ಎದ್ದರೆ ಅತ್ತೆ ನನ್ನ ಕೈ ಹಿಡಿದು ಕೂರಿಸಿದರು.

"ಮೊನ್ನೆ ತಳ್ಕಂಡು ಬಂದೆಯಲ್ಲ, ಇವತ್ತೇನು?"

"ಮೊನ್ನೆ ಕೂಗಿದ್ರಲ್ಲಮ್ಮ" ಎಂದ ಹೊರಗಿನಿಂದಲೇ.

ಅತ್ತೆ ಬಾಗಿಲ ಕಡೆ ತಿರುಗಿ ಕೂತು, "ಇವತ್ತು ನಾನೇ ಕೂಗ್ತಿದೀನಿ. ಬಾ ರುದ್ರಪ್ಪ" ಎಂದರು. ಅವರು ಅವನನ್ನು ಪೂರಾ ಹೆಸರು ಹಿಡಿದು ಕರೆದದ್ದು ಅಂದೇ ಮೊದಲು. ಬಾಗಿಲು ಮೆಲ್ಲಗೆ ಒಳಕ್ಕೆ ಸರಿಯಿತು.

ಅವನು ಈಗಲೂ ನಮ್ಮಲ್ಲೇ ಇದ್ದಾನೆ. ಜೈಲಿನಿಂದ ಬಿಡುಗಡೆಯಾದ ಇನ್ನಿಬ್ಬರಿಗೆ ಕೆಲಸ ಕಲಿಸುತ್ತಿದ್ದಾನೆ. ಬೆಳಿಗ್ಗೆ ಅವರಿಗೆ ಗೇಟು ತೆಗೆಯುವವನು ಅವನೇ. ಹಾಲು, ಮಾತ್ರೆ, ಬಂದವರು ಹೋದವರು ಎಲ್ಲವನ್ನೂ ದಿನವೂ ಬರೆದಿಡುವವಳು ನಾನು. ಆ ದಿನದ ಪುಟದಲ್ಲಿ 'ರುದ್ರಪ್ಪನನ್ನು ಕೂಗಿದವರು' ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೆ. ಅದು ಇನ್ನೂ ಖಾಲಿಯಿದೆ.