ಮೇಜು ದಾಟದ ಬಂಡಲ್

ಮುತ್ತುರಾಜ್ ಕಂಪ್ಯೂಟರ್ ಓದಿದ್ದಾನೆಂಬುದು ಅಮರಾಪುರದಲ್ಲಿ ಎಲ್ಲರಿಗೂ ಗೊತ್ತು. ಓದಿ ಏನು ಮಾಡುತ್ತಾನೆಂಬುದು ಯಾರಿಗೂ ಗೊತ್ತಿಲ್ಲ. ಈ ವಿಷಯದಲ್ಲಿ ಸ್ವತಃ ಅವನಿಗೂ ಅನುಮಾನವಿತ್ತು. ಅಪ್ಪ ಪಾಪಣ್ಣ ಕುರಿ ಸಾಕುವವರು. ನೂರಿಪ್ಪತ್ತು ಕುರಿಗಳಲ್ಲಿ ಯಾವುದು ಕುಂಟುತ್ತಿದೆ ಎಂದು ದಿನ್ನೆಯ ಮೇಲೆ ನಿಂತೇ ಹೇಳಬಲ್ಲರು. ತಾನೇ ಬರೆದ ನೂರಿಪ್ಪತ್ತು ಸಾಲುಗಳಲ್ಲಿ ಯಾವುದು ಕುಂಟುತ್ತಿದೆ ಎಂದು ಹೇಳುವುದು ಮಗನಿಂದ ಆಗುತ್ತಿರಲಿಲ್ಲ.

ಎಂ.ಸಿ.ಎ. ಮುಗಿಸಿ, ಮಡಕಶಿರದ ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಎರಡು ವರ್ಷ ಜನರ ಅರ್ಜಿ ತುಂಬಿ, ಕೊನೆಗೆ ರಾಯದುರ್ಗದ ಚಂದ್ರಶೇಖರಯ್ಯನವರ ಜೀನ್ಸ್ ಪ್ಯಾಂಟಿನ ಕಾರ್ಖಾನೆಗೆ ಸೇರಿದ. ನೇಮಕದ ಕಾಗದದಲ್ಲಿ ‘ಸಾಫ್ಟ್‌ವೇರ್ ಇಂಜಿನಿಯರ್’ ಎಂದಿತ್ತು. ಮೊದಲ ದಿನವೇ ಕೆಟ್ಟಿದ್ದ ಪ್ರಿಂಟರನ್ನು ಸರಿಮಾಡಿ ತಪ್ಪು ಮಾಡಿದ. ಅವತ್ತಿನಿಂದ ಅವನ ಹೆಸರು ‘ಪ್ರಿಂಟರ್ ತಮ್ಮ’.

ವರ್ಷದ ಮೇಲೆ ಒಂದು ನಿಜವಾದ ಕೆಲಸ ಬಂತು. ಪ್ಯಾಂಟ್ ಸಾಗಿಸುವ ಬಳ್ಳಾರಿಯ ಲಾರಿ ಆಫೀಸು ಒಂದು ವೆಬ್ ಸರ್ವಿಸ್ ತೆರೆದಿತ್ತು. ಕಾರ್ಖಾನೆಯ ಪ್ರೋಗ್ರಾಂ ಅದನ್ನು ಕೇಳಿದರೆ, ಯಾವ ಲಾರಿ, ಎಷ್ಟು ಹೊತ್ತಿಗೆ ಎಂದು ಉತ್ತರ ಬರಬೇಕು.

“ಶನಿವಾರ ಬಳ್ಳಾರಿಯವ್ರು ಬರ್ತಾರ. ಅವರ ಮುಂದ ಲಾರಿ ನಂಬರ್ ಕಾಣಿಸಿದ್ರ ಸರಿ,” ಎಂದರು ಚಂದ್ರಶೇಖರಯ್ಯ. “ಇಲ್ಲಾಂದ್ರ ಅವರ ಸಾಫ್ಟ್‌ವೇರೇ ತಗಂತೀವಿ. ನೋಡಿಕೊಳ್ಳಾಕ ಅವರ ಮನುಷ್ಯಾನೇ ಬರ್ತಾನಂತ.”

“ನಾನು, ಸಾರ್?”

“ನಿಮ್ಮಪ್ಪನ ಕುರಿ ಅದಾವಲ್ಲಪ್ಪ,” ಎಂದರು, ಬಹಳ ಸಮಾಧಾನದಿಂದ.

ಪುಸ್ತಕದ ಪ್ರಕಾರ ಕೆಲಸ ಸುಲಭ. ಸರ್ವಿಸ್ ಎಲ್ಲಿದೆ ಎಂದು ಪ್ರೋಗ್ರಾಂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೋಡಿನಲ್ಲಿ ಒಂದು ಹೆಸರು ಬರೆದು, ಅದರ ತಲೆಯ ಮೇಲೆ @ ಗುರುತಿನಿಂದ ಶುರುವಾಗುವ ಒಂದು ಸಾಲು ಹಾಕಿದರೆ ಆಯಿತು. ಅದಕ್ಕೆ ಅನೊಟೇಷನ್ ಎನ್ನುತ್ತಾರೆ. ಪ್ರೋಗ್ರಾಮನ್ನು ನಡೆಸುವ ಸರ್ವರ್ ಆ ಸಾಲನ್ನು ಓದಿ, ಬಳ್ಳಾರಿಯ ಸಂಪರ್ಕವನ್ನು ತಾನೇ ತಂದು ಆ ಹೆಸರಿನೊಳಗೆ ಇಡುತ್ತದೆ. ಮುತ್ತುರಾಜ್ ಸಾಲು ಹಾಕಿದ. ಓಡಿಸಿ ನೋಡಿದರೆ ಹೆಸರಿನೊಳಗೆ ಏನೂ ಇಲ್ಲ. ಸಾಲನ್ನು ಅಳಿಸಿ, ಅದನ್ನೇ ಮತ್ತೆ ಬರೆದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ಅವನ ಓದಿನ ಸಾರವೆಲ್ಲ ಅದರಲ್ಲೇ ಇತ್ತು. ಆಗಲೂ ಖಾಲಿ. ಸೋಮವಾರದಿಂದ ಗುರುವಾರದವರೆಗೂ ಖಾಲಿ.

ಅವನಿಗೆ ಬಾಡಿಗೆಗೆ ರೂಮು ಕೊಟ್ಟಿದ್ದ ಮಂಜುಳ ಇದೇ ಕಾರ್ಖಾನೆಯ ಪ್ಯಾಂಟುಗಳನ್ನು ಮನೆಯಲ್ಲಿ ಹೊಲಿಯುತ್ತಿದ್ದರು. ಗುರುವಾರ ಸಂಜೆ ಬರುವಾಗ ತಮ್ಮ ಬಂಡಲ್ ತರಲು ಹೇಳಿದ್ದರು. ಅವನು ಕಟಿಂಗ್ ರೂಮಿಗೆ ಹೋಗಿ, ಕತ್ತರಿಸಿ, ಚೀಟಿ ಸಿಕ್ಕಿಸಿ ಕಟ್ಟಿಟ್ಟಿದ್ದ ಬಂಡಲನ್ನು ಎತ್ತಿಕೊಂಡು, ಹಿಂದಿನ ಬಾಗಿಲಿನಿಂದ ನೇರ ಬೈಕಿಗೆ ಹಾಕಿದ. ಹತ್ತು ನಿಮಿಷ ಉಳಿಸಿದೆನೆಂಬ ಹೆಮ್ಮೆಯೂ ಇತ್ತು.

ಮಂಜುಳ ಬಿಚ್ಚಿ ನೋಡಿ ಸೊಂಟದ ಮೇಲೆ ಕೈಯಿಟ್ಟರು. “ಜಿಪ್ ಎಲ್ಲಿ? ಗುಂಡಿ ಎಲ್ಲಿ? ನಲವತ್ತು ಪ್ಯಾಂಟು, ಒಂದಕ್ಕೂ ಬಾಗಲಿಲ್ಲಲ್ಲೋ!”

“ಚೀಟೀಲಿ ಎಲ್ಲಾ ಬರ್ದೈತಲ್ಲಕ್ಕ?”

“ಹಂಗಾದ್ರ ಚೀಟಿನೇ ಹೊಲಿಲೇನು?”

ಶುಕ್ರವಾರ ಬೆಳಿಗ್ಗೆ ಅವನು ಬಂಡಲ್ ಹೊತ್ತು ಉಜ್ಜಿನಮ್ಮನ ಮೇಜಿನ ಮುಂದೆ ನಿಂತ. ಕಟಿಂಗ್ ರೂಮಿಗೂ ಮುಂದಿನ ಗೇಟಿಗೂ ನಡುವೆ ಇಪ್ಪತ್ತೆರಡು ವರ್ಷಗಳಿಂದ ಅದೇ ಮೇಜು, ಅದರ ಹಿಂದೆ ಅದೇ ಉಜ್ಜಿನಮ್ಮ. ಬಂದ ಬಂಡಲಿನ ಚೀಟಿ ಓದಿ, ಬೇಕಾದ ಜಿಪ್ಪು, ಗುಂಡಿ, ದಾರ ಒಳಗಿಟ್ಟು ಕಟ್ಟಿ ಕಳಿಸುವುದು ಆಕೆಯ ಕೆಲಸ.

“ಚೀಟಿ ಐತಿ. ಅಕ್ಷರಾನೂ ಚಂದ ಅದಾವು,” ಎಂದಳು ಉಜ್ಜಿನಮ್ಮ. “ಆದ್ರ ಇದು ನನ್ನ ಕೈಗೆ ಯಾವಾಗ ಬಂದಿತ್ತು?”

“ಹಿಂದಿನ ಬಾಗ್ಲಿಂದ ತಗಂಡೋದೆ ಕಣಕ್ಕ. ಬೇಗ ಆಗ್ಲಿ ಅಂತ.”

“ಮತ್ತ ಚೀಟಿ ಓದೋರ್ಯಾರು? ಬಂಡಲ್ಲೇ ಓದಿಕೊಳ್ಳತೇನು? ನನ್ನ ಮೇಜಿನ ಮ್ಯಾಲೆ ಬಂದಿದ್ದಕ್ಕ ನಾನು ಜಿಪ್ ಇಡ್ತೀನಿ. ನೀನಾ ಎತ್ಕಂಡ್ ಓಡಿದ್ದಕ್ಕ ಹಿಂದಿಂದ ಬೈಕ್ ಹತ್ತಿ ಬರ್ಲೇನು ನಾನು?”

ಪಕ್ಕದಲ್ಲಿದ್ದವರು ನಕ್ಕರು. ಮುತ್ತುರಾಜನಿಗೆ ತನ್ನ ಕೋಡು ನೆನಪಾಯಿತು. ಪ್ರೋಗ್ರಾಮಿನಲ್ಲಿ ಆರ್ಡರ್ ನೋಡುವ ಭಾಗ, ಅಂದರೆ ಅನೊಟೇಷನ್ ಇದ್ದ ಭಾಗವನ್ನೇ, ಅವನು ಸರ್ವರನ್ನು ಕೇಳದೆ ಕೋಡಿನ ನಡುವೆ ತನ್ನ ಕೈಯಾರೆ ಹುಟ್ಟಿಸಿ ಬಳಸುತ್ತಿದ್ದ. ಸರ್ವರ್ ಓದುವುದು ತಾನೇ ಹುಟ್ಟಿಸಿದ ಭಾಗದೊಳಗಿನ @ ಸಾಲನ್ನು ಮಾತ್ರ. ಇದನ್ನು ಸರ್ವರ್ ಕಂಡೇ ಇರಲಿಲ್ಲ. ನಾಲ್ಕು ದಿನದಿಂದ ಅವನು ಚೀಟಿಯ ಅಕ್ಷರ ತಿದ್ದುತ್ತಿದ್ದ. ಬಂಡಲ್ ಮೇಜನ್ನೇ ಮುಟ್ಟಿರಲಿಲ್ಲ.

ಬಂಡಲನ್ನು ಅಲ್ಲೇ ಬಿಟ್ಟು ಓಡಿದ. ಆ ಭಾಗವನ್ನು ತಾನೇ ಹುಟ್ಟಿಸುತ್ತಿದ್ದ ಸಾಲನ್ನು ತೆಗೆದು, ಹುಟ್ಟಿಸುವ ಕೆಲಸವನ್ನು ಸರ್ವರಿಗೇ ಬಿಟ್ಟುಕೊಟ್ಟ. ತಲೆಯ ಮೇಲಿನ @ ಸಾಲನ್ನು ಮುಟ್ಟಲಿಲ್ಲ. ಓಡಿಸಿದ. ಲಾರಿ ನಂಬರ್ ಬಂತು.

ಶನಿವಾರ ಬಳ್ಳಾರಿಯವರ ಮುಂದೆಯೂ ಬಂತು. ಅವರು ಕನ್ನಡಕ ಏರಿಸಿ ನೋಡಿ, ಇಳಿಸಿ, ಚಹಾ ಕುಡಿದರು.

“ಬಂತಲ್ಲಪ್ಪ. ಯಾರು ಹೇಳಿಕೊಟ್ರು?” ಎಂದರು ಚಂದ್ರಶೇಖರಯ್ಯ.

“ನಮ್ ಉಜ್ಜಿನಮ್ಮಕ್ಕ, ಸಾರ್.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಳ್ಳಾರಿಯವರಂತೂ ಹುಡುಗ ಚೂಟಿಯಿದ್ದಾನೆ ಎಂದರು. ಮುತ್ತುರಾಜ್ ತಮಾಷೆ ಮಾಡಿರಲಿಲ್ಲ; ಅವನು ಜೀವನದಲ್ಲಿ ಹೇಳಿದ ನೇರವಾದ ಮಾತುಗಳಲ್ಲಿ ಅದೂ ಒಂದು.

“ಆತು, ಸೋಮವಾರ ಬಾ,” ಎಂದರು ಚಂದ್ರಶೇಖರಯ್ಯ. “ಈಗ ಹೋಗಾಗ ಪ್ರಿಂಟರ್ ನೋಡು. ಮತ್ತ ಹಾಳಿ ನುಂಗೈತಿ.”

ಹೊರಗೆ ಬಂದವನು ಉಜ್ಜಿನಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಆಕೆ ಗುಂಡಿ ಎಣಿಸುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡಳು.

“ಇಷ್ಟು ತಿಳಕೊಳ್ಳಾಕ ಅಷ್ಟು ವರ್ಷ ಓದಿಸ್ಯಾರೇನು ನಿನ್ನ?”

ಮುತ್ತುರಾಜ್ ಹಾಳೆ ನುಂಗಿದ್ದ ಪ್ರಿಂಟರ್ ಕಡೆ ನಡೆದ.