ಸೀಮೆಸುಣ್ಣದ ಮೂರು ಗೀಟು

ಹಳೇ ಸೈಕಲ್ಲಿನ ಹಿಂದಿನ ಚಕ್ರದ ಅಚ್ಚು, ಅಂದರೆ ಆಕ್ಸಲ್, ಬಾಗಿದೆಯೋ ಇಲ್ಲವೋ ಎಂದು ನಮ್ಮ ಮಾವ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ನನ್ನ ಗಂಡನ ತಂದೆ ಅವರು. ಮನೆಯ ಮುಂದಿನ ಕೋಣೆಯೇ ಅವರ ರಿಪೇರಿ ಅಂಗಡಿ. ಚಕ್ರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಆಕ್ಸಲ್ಲಿನ ತುದಿಯನ್ನು ಎರಡೇ ಬೆರಳಲ್ಲಿ ಮೆಲ್ಲಗೆ ತಿರುಗಿಸುವರು. ಬಾಗಿದ್ದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಬಂದಾಗ ಬಿಗಿಯುತ್ತದೆ, ದಾಟಿದ ಮೇಲೆ ಸಡಿಲ.

"ನಾ ಕರೆದ್ರೆ ಕಿವಿಗೇ ಬೀಳಲ್ಲ, ಸೈಕಲ್ ನರಳಿದ್ರೆ ಬೆರಳಿಗೂ ಕೇಳ್ಸುತ್ತೆ ಈ ಮಹಾನುಭಾವ್ರಿಗೆ" ಎಂದು ಅತ್ತೆ ಹಂಗಿಸುತ್ತಿದ್ದರು.

ಹೋದ ಚಳಿಗಾಲದ ಕಾಯಿಲೆಯ ನಂತರ ಮಾವನ ಬಲಗೈ ನಡುಗತೊಡಗಿತು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅತ್ತೆಯೂ ಹಂಗಿಸುವುದು ಬಿಟ್ಟರು.

ಇವತ್ತು ಬೆಳಿಗ್ಗೆ ನನ್ನದೇ ಸೈಕಲ್ ಬಿಚ್ಚಿದರು. ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಟಯರು ಒಂದು ಮಗ್ಗುಲಿಗೆ ಉಜ್ಜುತ್ತಿತ್ತು.

"ಬಾಗಿದೆ ಕಣಮ್ಮಾ. ಬಿಗಿ ಹಿಡೀತಿದೆ."

ಹೊಸ ಆಕ್ಸಲ್ ತರಲು ಎದ್ದವರು ಯಾಕೋ ಮತ್ತೆ ಕುಳಿತರು. ಆಕ್ಸಲ್ಲಿನ ತುದಿಗೆ ಒಂದು ಗುರುತು ಮಾಡಿದರು. ಬಿಗಿ ಹಿಡಿದಾಗಲೆಲ್ಲ ಆ ಗುರುತಿನ ಎದುರಿಗೆ, ಚಕ್ರದ ನಡುವಿನ ಹಬ್ ಮೇಲೆ, ಸೀಮೆಸುಣ್ಣದಲ್ಲಿ ಗೀಟೆಳೆದರು. ಮೂರು ಸಲ. ಮೂರು ಗೀಟೂ ಮೂರು ದಿಕ್ಕಿಗೆ ಬಿದ್ದವು.

"ನೀ ತಿರುಗ್ಸು ನೋಡಣ."

ತಿರುಗಿಸಿದೆ. ನುಣ್ಣಗೆ ಸುತ್ತಿತು.

"ಎಲ್ಲೂ ಹಿಡೀತಿಲ್ಲ ಮಾವ."

"ಬಾಗಿದ ಆಕ್ಸಲ್ ಬಿಗಿ ಹಿಡಿಯೋ ಜಾಗ ಬದಲಾಯ್ಸಲ್ಲ" ಎಂದರು, ತಮ್ಮ ಬೆರಳುಗಳನ್ನೇ ನೋಡುತ್ತ. "ಇದು ನೆಟ್ಟಗೇ ಇದೆ."

ಬಿಚ್ಚುವಾಗ ಎಡಗಡೆಯ ನಟ್ಟು ಬರಿಗೈಗೇ ಬಂದದ್ದು ಆಗ ನೆನಪಾಯಿತು. ಅದು ಸಡಿಲವಾಗಿಯೇ ಚಕ್ರ ಓರೆಯಾಗಿತ್ತು. ಹೋದ ವಾರ ಅದನ್ನು ಬಿಗಿದವರು ಮಾವನೇ. ಅವರಿಗೂ ನೆನಪಾಗಿರಬೇಕು. ಚಕ್ರವನ್ನು ನೇರವಾಗಿ ಕೂರಿಸಿ, ಎರಡೂ ಕೈಯಿಂದ ನಟ್ಟು ಬಿಗಿದು, ಸ್ಪ್ಯಾನರನ್ನು ನನ್ನತ್ತ ಚಾಚಿದರು.

"ಒಂದ್ಸಲ ನೋಡಮ್ಮ."

ಇಷ್ಟು ವರ್ಷದಲ್ಲಿ ತಾವು ಬಿಗಿದದ್ದನ್ನು ಅವರು ಇನ್ನೊಬ್ಬರಿಗೆ ತೋರಿಸಿದ್ದೇ ಇಲ್ಲ. ಸರಿಯಾಗಿದೆ ಎಂಬ ಮಾತು ನಾಲಿಗೆ ತುದಿವರೆಗೂ ಬಂತು. ಆದರೆ ಮಗಳು ಆಗಲೇ ಹಿಂದಿನ ಸೀಟು ಹತ್ತಲು ಕಾಲೆತ್ತಿ ನಿಂತಿದ್ದಳು. ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಗಿದು ನೋಡಿದೆ.

"ನಟ್ಟು ಇನ್ನೂ ಕಾಲು ಸುತ್ತು ತಿರುಗ್ತು, ಮಾವ."

ಸ್ಪ್ಯಾನರ್ ಹಿಂತಿರುಗಿಸಲು ಹೋದೆ, ತೆಗೆದುಕೊಳ್ಳಲಿಲ್ಲ.

"ಇರ್ಲಿ, ನಿನ್ನ ಹತ್ರಾನೇ ಇರ್ಲಿ. ಇನ್ಮೇಲೆ ಯಾರ ಸೈಕಲ್ಲೇ ಆಗ್ಲಿ, ನೀ ಬಿಗಿದ ಮೇಲೇನೇ ಈ ಬಾಗಿಲು ದಾಟೋದು."

ಆಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಬಗ್ಗಿದರು. ಮೂರೂ ಗೀಟುಗಳನ್ನು ಒಂದೊಂದಾಗಿ ಒರೆಸಿದರು.